ಅಂಗಡಿಯವರೇ ಅಚ್ಚು ಹಾಕಿಸಿದ ಚಿಲ್ಲರೆ

ಚಿಲ್ಲರೆ ಇಲ್ಲವೆಂದು ಅಂಗಡಿಯವರು ಕೈಗೆ ಚಾಕಲೇಟು ಇಟ್ಟ ಅನುಭವ ಮುಂಬಯಿ ಕನ್ನಡಿಗರಿಗೆಲ್ಲ ಇದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ನಾಣ್ಯದ ಚೀಲಕ್ಕಾಗಿ ಹೋಟೆಲಿನವರು ಪಡುವ ಪಾಡೂ ಗೊತ್ತು. ಆದುದರಿಂದಲೇ ಇರಬೇಕು, ಅಮೆರಿಕದ ಅಂತರ್ಯುದ್ಧ ಕಾಲದ ಟೋಕನುಗಳ ಹುಚ್ಚು ನನಗೆ ಹಿಡಿದದ್ದು.

1861ರಲ್ಲಿ ಯುದ್ಧ ಶುರುವಾಯಿತು. ಅದೇ ವರ್ಷದ ಕೊನೆಗೆ ಬ್ಯಾಂಕುಗಳು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದವು. ಜನ ಮೊದಲು ಚಿನ್ನ, ಮತ್ತೆ ಬೆಳ್ಳಿ, 1862ರಲ್ಲಿ ಒಂದು ಸೆಂಟಿನ ನಾಣ್ಯವನ್ನೂ ಅಡಗಿಸಿಟ್ಟರು. ಅಂಚೆಚೀಟಿಯೇ ಚಿಲ್ಲರೆಯಾಯಿತು. ಬೆವರಿದ ಕೈಗೆ ಅದು ಅಂಟಿಕೊಳ್ಳತೊಡಗಿದಾಗ ಜಾನ್ ಗಾಲ್ಟ್ ಎಂಬವರು ಚೀಟಿಯನ್ನು ಹಿತ್ತಾಳೆಯ ಪುಟ್ಟ ಬಿಲ್ಲೆಯೊಳಗಿಟ್ಟು ಅಭ್ರಕ ಮುಚ್ಚಿ ಮಾರಿದರು.

ಕೊನೆಗೆ ದಿನಸಿಯವರು, ಕಸಾಯಿಯವರು, ಔಷಧ ಅಂಗಡಿಯವರು ಸೆಂಟಿನ ಗಾತ್ರದ ತಾಮ್ರದ ಬಿಲ್ಲೆಗಳಿಗೆ ತಮ್ಮ ಹೆಸರು, ಊರು ಅಚ್ಚು ಹಾಕಿಸಿ ಹಂಚಿದರು. ಅಂಗಡಿಯ ಹೆಸರಿಲ್ಲದೆ ಬಾವುಟ, ವಾಷಿಂಗ್ಟನ್‌ರ ಮುಖ ಮಾತ್ರ ಇರುವ ಬಿಲ್ಲೆಗಳೂ ಇದ್ದವು. ಕೆಲವದರಲ್ಲಿ 'ಒಂದು ಸೆಂಟ್' ದಪ್ಪಕ್ಷರದಲ್ಲಿ, ಅದರ ಮೇಲೆ 'ಅಲ್ಲ' ಎಂಬುದು ಇರುವೆಯಷ್ಟು ಸಣ್ಣಕ್ಷರದಲ್ಲಿ! ಒಟ್ಟು ಸುಮಾರು ಎರಡೂವರೆ ಕೋಟಿ ಬಿಲ್ಲೆಗಳು ಚಲಾವಣೆಗೆ ಬಂದುವೆಂದು ಅಂದಾಜು.

ಇವು ನಡೆದದ್ದು ಕೇವಲ ನಂಬಿಕೆಯ ಮೇಲೆ. ನ್ಯೂಯಾರ್ಕಿನ ಮದ್ಯದಂಗಡಿ ಮಾಲಕ ಗುಸ್ಟಾವಸ್ ಲಿಂಡೆನ್‌ಮುಲ್ಲರ್ ಹತ್ತು ಲಕ್ಷಕ್ಕೂ ಮಿಕ್ಕಿ ಟೋಕನ್ ಹೊರಡಿಸಿದ್ದ. ಥರ್ಡ್ ಅವೆನ್ಯೂ ರೈಲ್ವೆಯವರು ತಮ್ಮಲ್ಲಿ ಸೇರಿದ ರಾಶಿಯನ್ನು ತಂದು ಹಣ ಕೇಳಿದಾಗ ನಕ್ಕು ಕಳಿಸಿದನಂತೆ. ರೈಲ್ವೆಯವರಿಗೆ ಕಾನೂನಿನ ದಾರಿಯೇ ಇರಲಿಲ್ಲ. ನಮ್ಮ ಲೆಡ್ಜರಿನ ಭಾಷೆಯಲ್ಲಿ ಹೇಳುವುದಾದರೆ, ಅದು ವಸೂಲಾಗದ ಸಾಲ. 1864ರಲ್ಲಿ ಅಮೆರಿಕದ ಸಂಸತ್ತು ಖಾಸಗಿ ಟೋಕನುಗಳನ್ನು ನಿಷೇಧಿಸಿತು. ಸರಕಾರವೂ ಅವುಗಳಂತೆಯೇ ತೆಳುವಾದ ಕಂಚಿನ ಸೆಂಟನ್ನು ತಂದಿತು.

ಸಂಗ್ರಾಹಕರಿಗೆ ಜಾರ್ಜ್ ಮತ್ತು ಮೆಲ್ವಿನ್ ಫುಲ್ಡ್ ಎಂಬ ತಂದೆ-ಮಗ ಮಾಡಿದ ಪಟ್ಟಿಯೇ ಆಧಾರ. ರಾಜ್ಯ, ಊರು, ವ್ಯಾಪಾರಿ ಹೀಗೆ ಪ್ರತಿಯೊಂದಕ್ಕೂ ಸಂಖ್ಯೆಯಿದೆ. ವಿರಳತೆಗೆ 1ರಿಂದ 10ರವರೆಗೆ ದರ್ಜೆಯಿದೆ, 10 ಎಂದರೆ ಜಗತ್ತಿನಲ್ಲಿ ಒಂದೇ ಒಂದು. ಒಂದೇ ಊರಿನ ವ್ಯಾಪಾರಿಗಳನ್ನು ಹಿಡಿದು ಕೂಡಿಸುವುದು ನನಗೆ ಹೆಚ್ಚು ಇಷ್ಟ. ಆಗ ಸತ್ತುಹೋದ ಒಂದು ಪೇಟೆಬೀದಿ ಕಣ್ಣಮುಂದೆ ಏಳುತ್ತದೆ.

ನನ್ನ ಮೊದಲ ಟೋಕನ್ ತಂಗಿಯ ಮಗ ಅಮೆರಿಕದಿಂದ ತಂದುಕೊಟ್ಟದ್ದು. ದೇವರ ತಾಮ್ರದ ಚೊಂಬಿನಂತೆ ಹೊಳೆಯಲೆಂದು ಹುಣಸೆಹುಳಿ ಹಾಕಿ ತಿಕ್ಕಿದೆ. ನೂರೈವತ್ತು ವರ್ಷಗಳ ಕಂದುಬಣ್ಣ ಐದು ನಿಮಿಷದಲ್ಲಿ ಹೋಯಿತು, ಬೆಲೆಯೂ ಹೋಯಿತು. ಹೊಸಬರು ಯಾರಾದರೂ ಇದ್ದರೆ ದಯಮಾಡಿ ನಾಣ್ಯ ತೊಳೆಯಬೇಡಿ.

ಅದನ್ನೀಗ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ 1943ರ ತೂತಿನ ಕಾಸಿನ ಪಕ್ಕ ಇಟ್ಟಿದ್ದೇನೆ. ಅದು ಇನ್ನೊಂದು ಯುದ್ಧದಲ್ಲಿ, ಲೋಹ ಉಳಿಸಲೆಂದು ನಮ್ಮ ಟಂಕಸಾಲೆಯೇ ನಡುವೆ ತೂತು ಹಾಕಿದ್ದು. ಅದನ್ನು ಮಾತ್ರ ನಾನು ತೊಳೆದಿಲ್ಲ.