ಸಂತೆಗೆ ಬಾರದ ಚೆರ್ರಿ ಹಿತ್ತಲಲ್ಲೇ ಹಣ್ಣಾಗಬೇಕು

ಬೆಳಿಗ್ಗೆ ಆರೂವರೆಗೆ ನಾನು ಹಿತ್ತಲ ಬಾಗಿಲು ತೆಗೆಯುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಬೇಲಿಯ ಹತ್ತಿರ ಬಂದು ನಿಂತಾಗಿರುತ್ತದೆ. ಮಾರ್ಚ್ ಕೊನೆಯಿಂದ ಮೂರು ನಾಲ್ಕು ವಾರ ಇದು ನಿತ್ಯದ ಪಾಠ. ಅವಳಿಗೆ ನಾನು ಹೇಳಿಕೊಟ್ಟ ನಿಯಮ ಒಂದೇ: ಹಣ್ಣನ್ನು ಕೀಳಬಾರದು. ಅಂಗೈಯನ್ನು ಕೆಳಗೆ ಒಡ್ಡಿ, ಬೆರಳ ತುದಿಯಿಂದ ಸುಮ್ಮನೆ ತಾಗಿಸಬೇಕು. ಬಿದ್ದರೆ ನಿನ್ನದು, ಬೀಳದಿದ್ದರೆ ನಾಳೆಯದು. “ದೊಡ್ಡಮ್ಮಾ, ಇದು ಮುಟ್ಟಿದ್ದಷ್ಟೇ, ತಾನೇ ಬಂತು” ಎಂದು ಅವಳು ಅಂಗೈ ಬಿಡಿಸಿದರೆ, ಅಲ್ಲೊಂದು ಪುಟ್ಟ ಕುಂಬಳಕಾಯಿ. ಮೈತುಂಬ ಏಳೆಂಟು ಏಣು. ಬಣ್ಣ ಕೆಂಪನ್ನು ದಾಟಿ ಕಪ್ಪಿಗೆ ಹತ್ತಿರ.

ಇದು ಸುರಿನಾಮ್ ಚೆರ್ರಿ. ಹೆಸರಿನಲ್ಲಿ ಚೆರ್ರಿ ಇದ್ದರೂ ಕೇಕಿನ ಮೇಲೆ ಕೂರುವ ಚೆರ್ರಿಗೂ ಇದಕ್ಕೂ ನಂಟಿಲ್ಲ. ಇದು ನಮ್ಮ ನೇರಳೆ, ಪೇರಳೆಗಳ ಕುಟುಂಬದ್ದು. ಎಲೆಯನ್ನು ಹಿಸುಕಿ ಮೂಸಿದರೆ ಆ ಬಳಗದ ಘಮ ಥಟ್ಟನೆ ಗೊತ್ತಾಗುತ್ತದೆ. ಏಣುಗಳನ್ನು ನೋಡಿ ರಾಜನೆಲ್ಲಿ ಎಂದುಕೊಳ್ಳುವವರೂ ಉಂಟು. ಆದರೆ ಇದರ ತಿರುಳು ಮೆತ್ತಗೆ, ರಸಭರಿತ, ಬಾಯಿಗಿಟ್ಟರೆ ಕರಗುವಂಥದ್ದು.

ಆ ಮೆತ್ತಗಿನ ಗುಣದಿಂದಾಗಿಯೇ ಇದು ಸಂತೆಗೆ ಬರಲಿಲ್ಲ. ಪೂರ್ತಿ ಹಣ್ಣಾದದ್ದನ್ನು ಬುಟ್ಟಿಗೆ ಹಾಕಿ ಪೇಟೆಗೆ ಒಯ್ದರೆ ದಾರಿಯಲ್ಲೇ ರಸ ಸೋರುತ್ತದೆ. ಬಲಿಯುವ ಮೊದಲೇ ಕಿತ್ತರೆ ಮೇಣದಂಥ ಒಗರು ವಾಸನೆ, ತಿಂದವರು ಮುಖ ಹಿಂಡುತ್ತಾರೆ. ವ್ಯಾಪಾರಿಗೆ ಬೇಡವಾದ ಈ ಹಣ್ಣನ್ನು ಉಳಿಸಿಕೊಂಡು ಬಂದದ್ದು, ಅದರಲ್ಲಿ ದೊಡ್ಡದನ್ನೂ ಸಿಹಿಯಾದುದನ್ನೂ ಆರಿಸಿ ಬೆಳೆಸಿದ್ದು ಹೆಚ್ಚಾಗಿ ಮನೆಯಂಗಳದವರೇ. ಒಳ್ಳೆಯ ಸುರಿನಾಮ್ ಚೆರ್ರಿ ತಿನ್ನಬೇಕೆಂದರೆ ಇಂದಿಗೂ ಅದನ್ನು ಬೆಳೆದೇ ತಿನ್ನಬೇಕು.

ಬ್ರೆಜಿಲಿನ ಪಿಟಾಂಗ, ಗೋವೆಯ ದಾರಿ

ಹೆಸರು ಸುರಿನಾಮಿನದಾದರೂ ಈ ಗಿಡ ಬ್ರೆಜಿಲಿನ ಮನೆಮಗಳು. ಅಲ್ಲಿಂದ ಉರುಗ್ವೆ, ಪರಗ್ವೆ, ಅರ್ಜೆಂಟೀನಾದ ಕೆಲವು ಭಾಗಗಳವರೆಗೆ ನದಿ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿನ ಜನ ಇದನ್ನು ಕರೆಯುವುದು ‘ಪಿಟಾಂಗ’ ಎಂದು. ಕೆಂಪು ಎಂಬ ಅರ್ಥದ ತುಪಿ ಭಾಷೆಯ ಮಾತು ಅದು. ಅತ್ತು ಅತ್ತು ಗೋಳಾಡುವುದಕ್ಕೆ ಬ್ರೆಜಿಲಿನವರು ‘ಪಿಟಾಂಗ ಅಳುವುದು’ ಎನ್ನುತ್ತಾರೆ. ಹಣ್ಣು ಮಾತಿನೊಳಗೂ ಅಷ್ಟು ಇಳಿದಿದೆ. ಅಲ್ಲಿನ ಮನೆಗಳಲ್ಲಿ ಇದರ ಎಲೆಯನ್ನು ನೆಲಕ್ಕೆ ಹರಡುವ ಪದ್ಧತಿಯೂ ಇತ್ತು. ಕಾಲಡಿಗೆ ಸಿಕ್ಕ ಎಲೆಯಿಂದ ಹೊರಡುವ ಎಣ್ಣೆಯ ವಾಸನೆಗೆ ನೊಣ ಸುಳಿಯುವುದಿಲ್ಲವಂತೆ. ರೆಸಿಫೆ ನಗರದ ಸಮಾಜಶಾಸ್ತ್ರಜ್ಞ ಜಿಲ್ಬೆರ್ತು ಫ್ರೆಯ್ರಿ ತಮ್ಮ ಮನೆಗೆ ಬಂದ ಅತಿಥಿಗಳಿಗೆ ಮನೆಯಲ್ಲೇ ತಯಾರಿಸಿದ ಪಿಟಾಂಗದ ಮದ್ಯ ಕೊಡುತ್ತಿದ್ದುದು ಹೆಸರುವಾಸಿ.

ಈ ಗಿಡದ ಪಯಣದಲ್ಲಿ ನಮ್ಮ ಕರಾವಳಿಗೂ ಒಂದು ಪಾಲಿದೆ. ಗೇರು ಬಂದ ಹಡಗಿನ ದಾರಿಯಲ್ಲೇ ಪೋರ್ಚುಗೀಸರು ಇದರ ಬೀಜವನ್ನೂ ಭಾರತಕ್ಕೆ ತಂದರು ಎನ್ನುತ್ತಾರೆ. ಯುರೋಪಿನ ಸಸ್ಯವಿಜ್ಞಾನಿಗಳು ಇದನ್ನು ಮೊದಲು ವರ್ಣಿಸಿದ್ದು ಇಟಲಿಯ ಪೀಸಾ ನಗರದ ತೋಟವೊಂದರಲ್ಲಿದ್ದ ಗಿಡವನ್ನು ನೋಡಿ. ಆ ಗಿಡ ಅಲ್ಲಿಗೆ ಹೋದದ್ದು ಗೋವೆಯಿಂದ ಎಂಬ ನಂಬಿಕೆಯಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ಯುಜೀನಿಯಾ ಯುನಿಫ್ಲೋರಾ ಎಂಬ ಹೆಸರನ್ನು ಸ್ಥಿರಪಡಿಸಿದ. ಸವಾಯ್ ರಾಜಮನೆತನದ ಯುಜೀನ್ ಎಂಬ ರಾಜಕುಮಾರನ ನೆನಪು ಆ ಹೆಸರಿನ ಮೊದಲ ಪದದಲ್ಲಿದೆ.

ದೊಡ್ಡ ಹಣ್ಣೇ ಏಕೆ?

ಸುರಿನಾಮ್ ಚೆರ್ರಿಯ ಅಗಲ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಂಟಿಮೀಟರ್. ಮಾತಿನಲ್ಲಿ ಸಣ್ಣ ಅಂತರವೆನಿಸಿದರೂ ಲೆಕ್ಕ ಹಾಕಿದರೆ ಕತೆ ಬೇರೆ. ಅಗಲ ಎರಡರಿಂದ ಮೂರಕ್ಕೇರಿದರೆ ಹಣ್ಣಿನ ಗಾತ್ರ ಮೂರು ಪಟ್ಟಿಗಿಂತ ಹೆಚ್ಚುತ್ತದೆ, ನಾಲ್ಕಕ್ಕೇರಿದರೆ ಎಂಟು ಪಟ್ಟು. ಒಳಗಿನ ಬೀಜ ಮಾತ್ರ ಆ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಸಣ್ಣ ಹಣ್ಣಿನಲ್ಲಿ ಬೀಜದ ಸುತ್ತ ತೆಳ್ಳಗಿನ ತೊಗಲಿನಂಥ ತಿರುಳು. ದೊಡ್ಡದರಲ್ಲಿ ಬಾಯಿ ತುಂಬುವಷ್ಟು.

ಬಣ್ಣದಲ್ಲೂ ಎರಡು ಬಳಗ. ಹೊಳೆವ ಕೆಂಪಿಗೇ ನಿಲ್ಲುವುದು ಒಂದು, ಕಡುಗೆಂಪಾಗಿ ಕಪ್ಪಾಗುವುದು ಇನ್ನೊಂದು. ಕೆಂಪು ಹಣ್ಣಿನ ಬಣ್ಣಕ್ಕೆ ಟೊಮೆಟೊದಲ್ಲಿರುವ ಲೈಕೋಪಿನ್ ಮತ್ತು ಅದರ ಬಂಧುಗಳು ಕಾರಣ. ಕಪ್ಪು ಬಗೆಯಲ್ಲಿ ಅದರೊಟ್ಟಿಗೆ ನೇರಳೆ ಹಣ್ಣಿನಲ್ಲಿರುವಂಥ ಆಂಥೋಸಯನಿನ್ ಸೇರಿಕೊಳ್ಳುತ್ತದೆ. ಕಪ್ಪು ಬಗೆಯಲ್ಲಿ ಸಿಹಿ ಹೆಚ್ಚು, ಮೇಣದ ವಾಸನೆ ಕಡಿಮೆ. ಅಮೆರಿಕದ ಫ್ಲಾರಿಡಾದಲ್ಲಿ ಹೆಸರಾದ ‘ಝಿಲ್ ಡಾರ್ಕ್’ ಈ ಬಗೆಯದು. ‘ಲೋಲಿಟಾ’, ‘ಬ್ಲ್ಯಾಕ್ ಸ್ಟಾರ್’ ಎಂಬ ಕಪ್ಪು ತಳಿಗಳೂ, ಕೆಂಪಿನಲ್ಲಿ ‘ವರ್ಮಿಲಿಯನ್’ ಕೂಡ ಹಣ್ಣಿನ ಗಿಡ ಕೂಡಿಡುವವರ ನಡುವೆ ಪರಿಚಿತ ಹೆಸರುಗಳು. ಬ್ರೆಜಿಲಿನ ಪೆರ್ನಾಂಬುಕು ರಾಜ್ಯದ ಕೃಷಿ ಸಂಶೋಧನಾ ಸಂಸ್ಥೆ ಆಯ್ದು ಹೊರತಂದ ‘ಟ್ರಾಪಿಕಾನಾ’ ಅಲ್ಲಿನ ತೋಟಗಳಿಗಾಗಿ ಬಂದ ತಳಿ.

ಚೀಟಿಯನ್ನು ನಂಬುವ ಮೊದಲು

ಎಂಟು ವರ್ಷದ ಹಿಂದೆ ನಾನು ತಂದ ಮೊದಲ ಗಿಡಕ್ಕೂ ‘ದೊಡ್ಡ ಹಣ್ಣಿನದು’ ಎಂಬ ಚೀಟಿ ಕಟ್ಟಿತ್ತು. ನಾಲ್ಕು ವರ್ಷ ನೀರೆರೆದೆ. ಐದನೆಯ ವರ್ಷ ಹಣ್ಣು ಬಿಟ್ಟಿತು. ಗೋಲಿಗಿಂತ ತುಸು ದೊಡ್ಡದು, ಬೀಜ ತೆಗೆದರೆ ನಾಲಗೆಗೆ ಉಳಿಯುವುದು ಏನೂ ಇಲ್ಲ. ಅದು ಬೀಜದಿಂದ ಎಬ್ಬಿಸಿದ ಸಸಿ ಎಂದು ಅರ್ಥವಾದದ್ದು ಆಮೇಲೆ. ಆ ಬೇಸರ ಸಣ್ಣದಲ್ಲ. ಹಣ್ಣಿನ ಗಿಡದಲ್ಲಿ ಕಳೆದುಕೊಳ್ಳುವುದು ದುಡ್ಡಿಗಿಂತ ವರ್ಷಗಳನ್ನು.

ಮಾವಿನ ಗೊರಟೆ ನೆಟ್ಟರೆ ತಾಯಿಮರದ ಹಣ್ಣೇ ಸಿಕ್ಕೀತೆಂಬ ಖಾತ್ರಿ ಇಲ್ಲವಲ್ಲ, ಇಲ್ಲೂ ಹಾಗೆಯೇ. ದೊಡ್ಡ ಕಪ್ಪು ಹಣ್ಣಿನ ಬೀಜ ನೆಟ್ಟರೆ ದೊಡ್ಡದೇ ಬರಬಹುದು, ಬಾರದೆಯೂ ಇರಬಹುದು. ಬೀಜದ ಸಸಿ ಕೆಲವೊಮ್ಮೆ ಎರಡೇ ವರ್ಷಕ್ಕೆ ಹಣ್ಣು ಬಿಟ್ಟರೆ, ಕೆಲವು ಐದಾರು ವರ್ಷ ಕಾಯಿಸುತ್ತವೆ. ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ತಳಿಯ ಹೆಸರಲ್ಲ, “ಇದು ಕಸಿಯದೋ ಬೀಜದ್ದೋ” ಎಂಬುದು. ಕಾಂಡದ ಬುಡದಲ್ಲಿ ಕಸಿಯ ಗಂಟು ಹುಡುಕಿ. ಸಾಧ್ಯವಾದರೆ ತಾಯಿಗಿಡದ ಹಣ್ಣನ್ನು ಒಮ್ಮೆ ತಿಂದು ನೋಡಿ, ಅದಕ್ಕಿಂತ ದೊಡ್ಡ ಪುರಾವೆ ಇಲ್ಲ.

ಬೀಜ ಹಾಕುವವರು ಹಾಕಬಾರದೆಂದಲ್ಲ. ಹಾಕುವುದಾದರೆ ತಡಮಾಡಬೇಡಿ. ಈ ಬೀಜ ಒಣಗಿಸಿಟ್ಟರೆ ಸಾಯುತ್ತದೆ, ಒಂದು ತಿಂಗಳು ದಾಟಿದರೆ ಮೊಳೆಯುವ ಭರವಸೆಯಿಲ್ಲ. ತಿಂದ ದಿನವೇ ತೊಳೆದು ಮಣ್ಣಿಗಿಟ್ಟರೆ ಮೂರು ನಾಲ್ಕು ವಾರದಲ್ಲಿ ಮೊಳಕೆ. ಬೀಜವನ್ನು ಎರಡಾಗಿ ಸೀಳಿ ನೆಟ್ಟರೂ ಹೋಳುಗಳು ಬೇರೆ ಬೇರೆ ಸಸಿಯಾಗಬಲ್ಲವೆಂದು ಬ್ರೆಜಿಲಿನ ಸಂಶೋಧಕರು ತೋರಿಸಿದ್ದಾರೆ. ಇಷ್ಟು ಜೀವ ಹಿಡಿದ ಬೀಜಕ್ಕೆ ಒಣಹವೆ ಮಾತ್ರ ಆಗದು.

ಬಿಸಿಲು, ಮಣ್ಣು, ನೀರು

ಎರಡನೆಯ ಗಿಡ ತಂದದ್ದು ಕಸಿಯದು. ಅದಕ್ಕೆ ಹಿತ್ತಲಿನ ಮೂಡಣ ಮೂಲೆ ಕೊಟ್ಟೆ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ. ಅರೆನೆರಳಲ್ಲೂ ಗಿಡ ಬದುಕುತ್ತದೆ, ಹಣ್ಣು ಮಾತ್ರ ಕಡಿಮೆ. ಎರಡಡಿ ಗುಂಡಿ, ಅರ್ಧಕ್ಕೆ ಕೆಮ್ಮಣ್ಣು, ಉಳಿದರ್ಧಕ್ಕೆ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ. ಮಣ್ಣಿನ ವಿಚಾರದಲ್ಲಿ ಇದು ಹಟಮಾರಿಯಲ್ಲ. ಉಪ್ಪು ಮಾತ್ರ ಆಗದು, ಮಳೆಗಾಲ ಪೂರ್ತಿ ಬುಡದಲ್ಲಿ ನೀರು ನಿಲ್ಲುವುದೂ ಒಳ್ಳೆಯದಲ್ಲ.

ತಾರಸಿಯಲ್ಲಿ ಬೆಳೆಯುವವರೂ ಹೆದರಬೇಕಿಲ್ಲ. ನಿಧಾನವಾಗಿ ಬೆಳೆಯುವ ಪೊದೆ ಇದು, ಕುಂಡದ ಬದುಕಿಗೆ ಒಗ್ಗುತ್ತದೆ. ಸಸಿಯನ್ನು ಮೊದಲು ಸಣ್ಣ ಕುಂಡದಲ್ಲಿಟ್ಟು, ಬೇರು ತುಂಬಿದ ಮೇಲೆ ನಲವತ್ತು ಲೀಟರಿನ ಡ್ರಮ್ಮಿಗೆ ಬದಲಾಯಿಸಿದರೆ ಸಾಕು. ಬೋರ್‌ವೆಲ್‌ನ ಗಡಸು ನೀರನ್ನೇ ಹಾಕುತ್ತಿದ್ದರೆ ಕುಂಡದ ಗಿಡದ ಎಳೆ ಎಲೆ ಹಸಿರು ನರ ಬಿಟ್ಟು ಹಳದಿಯಾಗಬಹುದು. ಮಳೆನೀರು ಹಿಡಿದಿಟ್ಟು ಕೊಟ್ಟರೆ ಗಿಡ ಸುಧಾರಿಸಿಕೊಳ್ಳುತ್ತದೆ.

ಚಳಿ ಹಿಂದೆ ಸರಿಯುವಾಗ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಅದರ ಜೊತೆಗೇ ತೆಳುವಾದ ತೊಟ್ಟಿನ ತುದಿಗೆ ಬಿಳಿ ಹೂವು, ನಾಲ್ಕು ಎಸಳು, ನಡುವೆ ಕೇಸರಗಳ ಕುಚ್ಚು. ತುಡುವೆ ಜೇನು ಬೆಳಿಗ್ಗೆಯೇ ಹಾಜರು. ಹೂವಿನಿಂದ ಹಣ್ಣಿಗೆ ಹೆಚ್ಚು ಕಾಲ ಬೇಡ. ಬಿಸಿಲು ಬಲವಾಗಿದ್ದರೆ ಮೂರೇ ವಾರ, ಸಾಮಾನ್ಯವಾಗಿ ಐದರಿಂದ ಎಂಟು ವಾರ. ಹಣ್ಣು ದೊಡ್ಡದಾಗುವುದೋ ಸೊರಗುವುದೋ ತೀರ್ಮಾನವಾಗುವುದು ಈ ಅವಧಿಯಲ್ಲಿ. ತಳಿ ಎಷ್ಟೇ ಒಳ್ಳೆಯದಿದ್ದರೂ ಕಾಯಿ ಉಬ್ಬುವಾಗ ಬುಡ ಒಣಗಿದರೆ ಹಣ್ಣು ಗೋಲಿಯಾಗಿಯೇ ಉಳಿಯುತ್ತದೆ. ಒಂದು ವಾರ ಒಣಗಿಸಿ ಒಮ್ಮೆಲೇ ಕೊಡ ಸುರಿದರೆ ಸಿಪ್ಪೆ ಬಿರಿಯುತ್ತದೆ. ದಿನ ಬಿಟ್ಟು ದಿನ ಹದವಾಗಿ ನೀರು, ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣ ತರಗು: ದೊಡ್ಡ ಹಣ್ಣಿಗೆ ನಾನು ಕಂಡುಕೊಂಡ ದಾರಿ ಇದು.

ಕತ್ತರಿಯ ವಿಷಯದಲ್ಲಿ ಎಚ್ಚರ ಬೇಕು. ಫ್ಲಾರಿಡಾದಲ್ಲಿ ಇದನ್ನು ಬೇಲಿಗಿಡವಾಗಿ ಬೆಳೆಸಿ ಆಗಾಗ ಸಮನಾಗಿ ಕತ್ತರಿಸುತ್ತಾರೆ. ಅಂಥ ಬೇಲಿಯಲ್ಲಿ ಹಣ್ಣು ಕಾಣುವುದು ಅಪರೂಪ. ಅದೇ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಪೊದೆಯೊಂದಕ್ಕೆ ಮೂರು ಕಿಲೋ ಆಸುಪಾಸು ಹಣ್ಣು ಸಿಗುವುದುಂಟು. ಫಸಲು ಮುಗಿದ ಮೇಲೆ ಒಣಗಿದ, ಒಳಗೆ ಹೆಣೆದುಕೊಂಡ ಕಡ್ಡಿಗಳನ್ನಷ್ಟೇ ತೆಗೆದರೆ ಸಾಕು.

ಇದರ ದೊಡ್ಡ ವೈರಿ ಹಣ್ಣುನೊಣ. ಮಾವು, ಪೇರಳೆಗಳನ್ನು ಕಾಡುವ ನೊಣವೇ ಇಲ್ಲೂ ಮೊಟ್ಟೆಯಿಡುತ್ತದೆ. ಕಾಯಿ ಹಳದಿಗೆ ತಿರುಗುವ ಮೊದಲೇ ಕೊಂಬೆಗೆ ತೆಳು ಬಲೆಯ ಚೀಲ ಕಟ್ಟಿ. ಬಿದ್ದ ಹಣ್ಣನ್ನು ಅಲ್ಲೇ ಬಿಡದೆ ದಿನವೂ ಆಯ್ದು ಆಳಕ್ಕೆ ಹೂಳಿ. ಮಾವಿನ ತೋಟದವರು ಬಳಸುವ ಮೀಥೈಲ್ ಯೂಜಿನಾಲ್ ಬಲೆ ಗಂಡುನೊಣಗಳನ್ನು ಸೆಳೆದು ಹಿಡಿಯುತ್ತದೆ. ಔಷಧಿ ಸಿಂಪಡಿಸುವ ಮಾತೇ ಬೇಡ, ಗಿಡದ ಬುಡದಲ್ಲೇ ನಿಂತು ಮಕ್ಕಳು ತಿನ್ನುವ ಹಣ್ಣಿದು.

ಒಂದು ದಿನದ ತಾಳ್ಮೆ

ಕಾಯಿ ಹಸಿರಿನಿಂದ ಹಳದಿ, ಕಿತ್ತಳೆ, ಕೆಂಪಿಗೆ ಬಂದಾಗ ನೋಡುವವರ ಕೈ ತಡೆಯುವುದಿಲ್ಲ. ಕಪ್ಪು ತಳಿಯಲ್ಲಿ ಕೆಂಪು ಎಂದರೆ ಇನ್ನೂ ಕಾಯಿ ಎಂದೇ ಅರ್ಥ. ಈ ಹಣ್ಣು ಚೆನ್ನಾಗಿಲ್ಲವೆಂದು ಗಿಡ ಕಡಿದುಹಾಕಿದ ಎಷ್ಟೋ ಮಂದಿ ಕೆಂಪಿನಲ್ಲೇ ಕಿತ್ತು ತಿಂದವರಿರಬೇಕು. ಇನ್ನೊಂದು ದಿನ, ಕೆಲವೊಮ್ಮೆ ಎರಡು ದಿನ ಕಾದಿದ್ದರೆ ಒಗರು ಇಳಿದು ಸಿಹಿ ಏರುತ್ತಿತ್ತು. ಬೆರಳು ತಾಗಿಸುವ ನಿಯಮ ಅದಕ್ಕೇ. ಬೆಳಿಗ್ಗೆಯೂ ಸಂಜೆಯೂ ಒಂದೊಂದು ಸುತ್ತು ಬರಬೇಕು.

ತುಸು ವಾಸನೆ ಉಳಿದಿದ್ದರೆ ಹಣ್ಣನ್ನು ಸೀಳಿ ಬೀಜ ತೆಗೆದು, ಸಕ್ಕರೆ ಉದುರಿಸಿ ಕೆಲವು ಗಂಟೆ ಫ್ರಿಜ್ಜಿನಲ್ಲಿಡಿ. ವಾಸನೆ ಹೋಗಿ ಸಿಹಿ ರಸ ಒಸರಿರುತ್ತದೆ. ನೂರು ಗ್ರಾಂ ಹಣ್ಣಿನಲ್ಲಿ 20ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ನಮ್ಮ ಮನೆಯಲ್ಲಿ ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡುತ್ತೇವೆ, ಹೆಚ್ಚಾದರೆ ಗೊಜ್ಜು. ಬೀಜ ಮಾತ್ರ ತಿನ್ನುವಂಥದ್ದಲ್ಲ. ಅದರಲ್ಲಿ ಕಟುವಾದ ಮೇಣವಿದೆ, ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಇನ್ನೊಂದು ಹೊಣೆಯೂ ಇದೆ. ಫ್ಲಾರಿಡಾ, ಬರ್ಮುಡಾಗಳಲ್ಲಿ ಹಕ್ಕಿಗಳು ಬೀಜ ಒಯ್ದು ಈ ಗಿಡ ಕಾಡಿನೊಳಗೆ ಹಬ್ಬಿ, ಅಲ್ಲಿನ ಸ್ವಂತ ಗಿಡಗಳ ಜಾಗ ಕಸಿದಿದೆ. ಘಟ್ಟದ ಅಂಚಿನಲ್ಲಿ ಮನೆಯಿರುವ ನಾವು ಹಣ್ಣಿನ ಕಾಲದಲ್ಲಿ ಬಲೆ ಕಟ್ಟಬೇಕು, ಕೆಳಗೆ ಹುಟ್ಟಿದ ಸಸಿ ಕಿತ್ತು ಕುಂಡಕ್ಕೆ ಹಾಕಬೇಕು. ಕುಂಟುನೇರಳೆಯೂ ಕವಳಿಯೂ ಇರುವ ಕಾಡಿಗೆ ಇದನ್ನು ಕಳಿಸುವುದು ಬೇಡ.

ಹಾಗೆ ಕಿತ್ತ ಸಸಿಗಳೇ ಈಗ ನನಗೆ ಆಸ್ತಿ. ಮೊದಲ ಗಿಡವನ್ನು ನಾನು ಕಡಿಯಲಿಲ್ಲ. ಅದರ ಸಣ್ಣ ಹಣ್ಣಿನ ಬೀಜದಿಂದ ಎದ್ದ ಸಸಿಗಳು ಗಟ್ಟಿಮುಟ್ಟಾಗಿವೆ, ಕಸಿ ಕಟ್ಟಲು ಒಳ್ಳೆಯ ಬುಡ. ಕಳೆದ ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಆರು ಸಸಿಗಳ ತಲೆ ತೆಗೆದು, ಕಪ್ಪು ಹಣ್ಣಿನ ಗಿಡದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ನಾಲ್ಕು ಹಿಡಿದವು. ಮೂರು ಬೇರೆ ಊರಿನ ಮನೆಗಳಿಗೆ ಹೋದವು. ಬುಟ್ಟಿಯಲ್ಲಿ ಹಣ್ಣು ಕಳಿಸಲು ಆಗದ ಊರುಗಳವು. ನಾಲ್ಕನೆಯದು ಬೇಲಿಯ ಆಚೆ, ಪಕ್ಕದ ಮನೆಯ ಅಂಗಳದಲ್ಲಿದೆ. ಹುಡುಗಿ ದಿನಾ ಬೆಳಿಗ್ಗೆ ಅದಕ್ಕೊಂದು ಚೊಂಬು ನೀರು ಹಾಕಿ, ಆಮೇಲೆ ನಮ್ಮ ಬೇಲಿಯ ಹತ್ತಿರ ಬಂದು ನಿಲ್ಲುತ್ತಾಳೆ.