ಪ್ಲೇಟ್‌ಲೆಟ್ ಒಂದನ್ನೇ ಕೇಳಬೇಡಿ

ಮಳೆ ಹಿಡಿದ ಮೇಲೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಜ್ವರ ಬಂದವರ ಮನೆಗೆ ಫೋನ್ ಮಾಡುವ ನೆಂಟರೆಲ್ಲ ಕೇಳುವುದು ಒಂದೇ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಇಂಥ ರಕ್ತದ ಅಂಕಿಗಳನ್ನು ವೈದ್ಯರು ಜೈವಿಕ ಸೂಚಕಗಳೆನ್ನುತ್ತಾರೆ. ಒಂದು ಸಲದ ಅಂಕಿಯಿಂದ ಅವರಿಗೆ ತಿಳಿಯುವುದು ಕಡಿಮೆ. ಬೆಳಿಗ್ಗೆ ಎಷ್ಟಿತ್ತು, ಸಂಜೆಗೆ ಎಷ್ಟಾಯಿತು, ಆಗ ರೋಗಿ ಹೇಗಿದ್ದ ಎಂಬುದೆಲ್ಲ ಸೇರಿದರೆ ಕಾಯಿಲೆ ಎತ್ತ ಸಾಗಿದೆಯೆಂದು ಗೊತ್ತಾಗುತ್ತದೆ. ಹೆತ್ತೂರು, ಯಸಳೂರು, ಹಾನುಬಾಳು ಕಡೆಯಿಂದ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನಕ್ಕೆ ರೋಗಿಯನ್ನು ಸಾಗಿಸಬೇಕಾದ ಮನೆಯವರಿಗೆ ಈ ತಿಳಿವಳಿಕೆ ಬೇಕೇ ಬೇಕು.

ತಪ್ಪು ಕಲ್ಪನೆ: ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದರೆ ಜೀವಕ್ಕೆ ಅಪಾಯ, ಏರಿಸಿದರೆ ಬಚಾವು.

ವಾಸ್ತವ: ತೀವ್ರ ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರಕ್ತನಾಳಗಳ ಸೋರಿಕೆ. ರಕ್ತದ ನೀರಿನಂಶ ನಾಳದಿಂದ ಹೊರಗೆ ಜಿನುಗಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಇದನ್ನು ತೋರಿಸುವ ಅಂಕಿ ಅದೇ ರಿಪೋರ್ಟಿನಲ್ಲಿ ‘ಪಿಸಿವಿ’ ಅಥವಾ ‘ಹಿಮಟೊಕ್ರಿಟ್’ ಎಂಬ ಸಾಲಿನಲ್ಲಿರುತ್ತದೆ. ಅದನ್ನು ಕೇಳುವವರೇ ಇಲ್ಲ. ಮೊದಲ ದಿನ 38 ಇದ್ದದ್ದು ನಾಲ್ಕನೇ ದಿನ 46 ಆದರೆ ಏರಿಕೆ ಶೇ 20 ದಾಟಿತು. ಸೋರಿಕೆ ಗಣನೀಯವಾಗಿದೆ ಎಂದರ್ಥ. ಡ್ರಿಪ್ ಕೊಟ್ಟ ಮೇಲೆ ಅಂಕಿ ಇಳಿದು ನಾಡಿಯೂ ಚೇತರಿಸಿದರೆ ಒಳ್ಳೆಯದು. ಅಂಕಿ ಇಳಿದರೂ ನಾಡಿ ಕ್ಷೀಣಿಸುತ್ತಲೇ ಇದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆಯೆಂದು ಅನುಮಾನಿಸಬೇಕು. ಇಳಿಕೆ ಒಂದೇ, ಅರ್ಥ ಎರಡು. ಯಾವುದೆಂದು ಹೇಳುವುದು ರೋಗಿಯ ಸ್ಥಿತಿ.

ರಕ್ತಸ್ರಾವ ಇಲ್ಲದವರಿಗೆ ಮುನ್ನೆಚ್ಚರಿಕೆಯೆಂದು ಪ್ಲೇಟ್‌ಲೆಟ್ ಏರಿಸುವುದರಿಂದ ಪ್ರಯೋಜನವಿದೆಯೇ ಎಂದು ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಪರೀಕ್ಷಿಸಿದರು. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು: ಪ್ಲೇಟ್‌ಲೆಟ್ 20,000ಕ್ಕೆ ಇಳಿದ ವಯಸ್ಕರಲ್ಲೂ ಅದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಪಪ್ಪಾಯಿ ಎಲೆಯ ರಸದ ಮಾತೂ ಇಲ್ಲಿಯೇ ಬರುತ್ತದೆ. ವಾರ ತುಂಬುವ ಹೊತ್ತಿಗೆ ಹೆಚ್ಚಿನವರಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಹಿಂದಿನ ದಿನ ಕುಡಿದ ರಸಕ್ಕೆ ಆ ಹೆಸರು ಬರುತ್ತದೆ. ವಾಂತಿಯಾಗುತ್ತಿರುವವರಿಗೆ ಆ ಕಹಿಯನ್ನು ಒತ್ತಾಯದಿಂದ ಕುಡಿಸಬೇಡಿ.

ತಪ್ಪು ಕಲ್ಪನೆ: ಜ್ವರ ಬಿಟ್ಟಿತು, ಇನ್ನು ಪರೀಕ್ಷೆ ಬೇಡ.

ವಾಸ್ತವ: ಡೆಂಗಿಯ ಅಪಾಯದ ಘಟ್ಟ ಶುರುವಾಗುವುದೇ ಆಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಮೈ ತಣ್ಣಗಾಯಿತೆಂದು ಹಾಡ್ಯದ ಕಡೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತಪ್ಪು ಕಲ್ಪನೆ: ಐಸಿಯುನ ದೊಡ್ಡ ಯಂತ್ರವಿಲ್ಲದೆ ರೋಗಿ ಯಾವ ಸ್ಥಿತಿಯಲ್ಲಿದ್ದಾನೆಂದು ತಿಳಿಯದು.

ವಾಸ್ತವ: ಸೋಂಕು ಮೈಯೆಲ್ಲ ಹರಡಿ ಅಂಗಾಂಗಗಳಿಗೆ ರಕ್ತ ಸಾಲದಾದಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಐಸಿಯುಗಳಲ್ಲಿ ಅದನ್ನು ಮತ್ತೆ ಮತ್ತೆ ಅಳೆದು, ಇಳಿಯುತ್ತಿದೆಯೇ ಎಂದು ಕಾಯುತ್ತಾರೆ. ಒಳ್ಳೆಯ ಕ್ರಮವೇ. ಆದರೆ ಬೆರಳ ತುದಿಯನ್ನು ಹತ್ತು ಸೆಕೆಂಡು ಒತ್ತಿ ಬಿಟ್ಟು, ಬಣ್ಣ ಮೂರು ಸೆಕೆಂಡಿನೊಳಗೆ ಮರಳುತ್ತದೆಯೇ ಎಂದು ನೋಡುತ್ತ ಚಿಕಿತ್ಸೆ ಕೊಟ್ಟರೂ ಸಾಕೇ ಎಂದು ಲ್ಯಾಟಿನ್ ಅಮೆರಿಕದ ಐದು ದೇಶಗಳ ಐಸಿಯುಗಳು 424 ರೋಗಿಗಳಲ್ಲಿ ಹೋಲಿಸಿದವು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. 28 ದಿನಗಳೊಳಗೆ ಸತ್ತವರು ಬೆರಳಿನ ಗುಂಪಿನಲ್ಲಿ ಶೇ 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ 43.4. ಈ ಅಂತರ ಆಕಸ್ಮಿಕವೂ ಇರಬಹುದಾದ್ದರಿಂದ ಬೆರಳೇ ಮೇಲು ಎನ್ನಲಾಗದು. ಆದರೂ ಗುಡ್ಡಗಾಡಿನ ಆಸ್ಪತ್ರೆಯ ವೈದ್ಯರಿಗೆ, ನರ್ಸುಗಳಿಗೆ ಇದು ಧೈರ್ಯ ಕೊಡುವ ಸಂಗತಿ ಎಂದೇ ನಾನು ನಂಬಿದ್ದೇನೆ.

ತಪ್ಪು ಕಲ್ಪನೆ: ಟ್ರೊಪೊನಿನ್ ಏರಿದರೆ ಹಾರ್ಟ್ ಅಟ್ಯಾಕ್, ಏರದಿದ್ದರೆ ನಿಶ್ಚಿಂತೆ.

ವಾಸ್ತವ: 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಕೇಳಿ ಜನ ಹೆದರಿ ಹೃದಯ ತಪಾಸಣೆಗೆ ಸಾಲುಗಟ್ಟಿದರು. ಆಗ ಕೇಳಿಬಂದ ಅಂಕಿಗಳಲ್ಲಿ ಟ್ರೊಪೊನಿನ್ ಕೂಡ ಒಂದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೊಪೊನಿನ್ ಏರುತ್ತದೆ, ಆದರೆ ಕಿಡ್ನಿ ಸೋತವರಲ್ಲೂ ತೀವ್ರ ಸೋಂಕಿನಲ್ಲೂ ಏರುತ್ತದೆ. ಎದೆನೋವು ಶುರುವಾದ ಕೂಡಲೇ ತೆಗೆದ ರಕ್ತದಲ್ಲಿ ಸಹಜವಾಗಿಯೇ ಇರಬಹುದು. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಇಸಿಜಿ ಮಾತ್ರ ಕಾಯುವಂತಿಲ್ಲ.

ತಪ್ಪು ಕಲ್ಪನೆ: ಮೂತ್ರ ಹೋಗುತ್ತಿದೆಯಲ್ಲ, ಕಿಡ್ನಿಗೇನೂ ಆಗಿಲ್ಲ.

ವಾಸ್ತವ: ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವವರಿಗೆ, ತೋಟದ ಚರಂಡಿ ತೆಗೆಯುವವರಿಗೆ ಬರುವ ಇಲಿಜ್ವರದಲ್ಲಿ ಈ ನಂಬಿಕೆ ಮೋಸ ಮಾಡುತ್ತದೆ. ಮೂತ್ರ ಎಂದಿನಂತೆ ಹೋಗುತ್ತಿದ್ದರೂ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುವುದುಂಟು. ಕ್ರಿಯಾಟಿನಿನ್ನೂ ನಿಧಾನಿ: ಕಿಡ್ನಿಗೆ ಪೆಟ್ಟು ಬಿದ್ದು ಒಂದೆರಡು ದಿನವಾದ ಮೇಲೆ ಅಂಕಿ ಎದ್ದು ಕಾಣುತ್ತದೆ. ಆದ್ದರಿಂದ ಮೊದಲ ರಿಪೋರ್ಟ್ ಚೆನ್ನಾಗಿದೆಯೆಂದು ಸುಮ್ಮನಾಗಬಾರದು. ಕಣ್ಣು ಕೆಂಪಾಗಿ ಮೀನಖಂಡ ವಿಪರೀತ ನೋಯುತ್ತಿದ್ದರೆ, ಕೆಸರಿನ ಕೆಲಸ ಮಾಡಿದ್ದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ; ಖಚಿತಪಡಿಸುವ ಪರೀಕ್ಷೆಗೆ ಕಾಯದೆ ಅವರು ಆಂಟಿಬಯಾಟಿಕ್ ಶುರುಮಾಡಬಲ್ಲರು.

ತಪ್ಪು ಕಲ್ಪನೆ: ಹಾವು ಕಚ್ಚಿದರೆ ಇಂಜೆಕ್ಷನ್ ಒಂದು ಬಿದ್ದರೆ ಮುಗಿಯಿತು.

ವಾಸ್ತವ: ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಬರಿದು ಮಾಡುತ್ತದೆ. ಅದನ್ನು ಪತ್ತೆಹಚ್ಚುವ ಪರೀಕ್ಷೆಗೆ ಒಣಗಿದ, ಶುಭ್ರವಾದ ಗಾಜಿನ ನಳಿಗೆ ಸಾಕು, ಪ್ಲಾಸ್ಟಿಕ್ ಆಗದು. ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ವಾಲಿಸುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ. ಪ್ರತಿವಿಷ ಕೊಟ್ಟು ಆರು ಗಂಟೆಯ ನಂತರ ಮತ್ತೆ ನೋಡಬೇಕು, ಏಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು. ಕಾಫಿ ತೋಟದ ತರಗೆಲೆಯಲ್ಲಿ ಅಡಗುವ ಗುಳಿಮಂಡಲಗಳ ವಿಷಕ್ಕೆ ಅದು ನೆಚ್ಚಿಕೆಯ ಮದ್ದಲ್ಲ. ಅಂಥ ಕಡಿತದಲ್ಲಿ ರಕ್ತವನ್ನೂ ಕಿಡ್ನಿಯನ್ನೂ ದಿನಗಟ್ಟಲೆ ಕಾಯಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಆ ವರದಿಯಷ್ಟೇ ಸಾಲದು; ರೋಗಿಯನ್ನು ಹಾಸನಕ್ಕೆ ಸಾಗಿಸುವಾಗ ಕಚ್ಚಿದ ಹೊತ್ತು, ನಳಿಗೆ ಪರೀಕ್ಷೆ ಮಾಡಿದ ಹೊತ್ತು ಮತ್ತು ಫಲಿತಾಂಶ, ಕೊಟ್ಟ ಪ್ರತಿವಿಷದ ವಯಲ್‌ಗಳ ಲೆಕ್ಕ ಚೀಟಿಯಲ್ಲಿ ಬರೆಸಿಕೊಳ್ಳಿ. ಅದನ್ನು ನೋಡಿಯೇ ಅಲ್ಲಿನ ಹಿಮ್ಸ್ ಆಸ್ಪತ್ರೆಯ ವೈದ್ಯರು ಮುಂದಿನ ಪರೀಕ್ಷೆಯ ಸಮಯ ಗೊತ್ತುಮಾಡುವುದು.