ಕ್ಯಾಂಪರ್‌ವ್ಯಾನ್‌ಗಳಲ್ಲಿ ಮರುಭರ್ತಿ ಅನಿಲ ಸಿಲಿಂಡರ್

ಮರುಭರ್ತಿ ಅನಿಲ ಸಿಲಿಂಡರ್ ಎಂಬುದು ಕ್ಯಾಂಪರ್‌ವ್ಯಾನ್, ಮೋಟಾರ್‌ಹೋಮ್ ಮೊದಲಾದ ವಾಸಯೋಗ್ಯ ವಾಹನಗಳಲ್ಲಿ ಸ್ಥಿರವಾಗಿ ಅಳವಡಿಸುವ ದ್ರವೀಕೃತ ಪೆಟ್ರೋಲಿಯಂ ಅನಿಲದ (ಎಲ್‌ಪಿಜಿ) ಪಾತ್ರೆ. ಇದನ್ನು ವಾಹನದಿಂದ ಹೊರತೆಗೆಯದೆ, ಇಂಧನ ಕೇಂದ್ರದ ಎಲ್‌ಪಿಜಿ ಪಂಪಿನಿಂದಲೇ ಮತ್ತೆ ಮತ್ತೆ ತುಂಬಿಸಬಹುದು. ಒಲೆ, ನೀರು ಕಾಯಿಸುವ ಸಾಧನ, ಕೊಠಡಿ ಬಿಸಿಮಾಡುವ ಸಾಧನ ಮತ್ತು ಹೀರಿಕೆ ತತ್ತ್ವದ ಶೀತಕ ಪೆಟ್ಟಿಗೆಗಳಿಗೆ ಇದು ಇಂಧನ ಒದಗಿಸುತ್ತದೆ. ಬ್ರಿಟನ್ ಹಾಗೂ ಯುರೋಪಿನ ಇತರ ದೇಶಗಳಲ್ಲಿ ಈ ವ್ಯವಸ್ಥೆ ಹೆಚ್ಚಾಗಿ ಬಳಕೆಯಲ್ಲಿದೆ. ಗ್ಯಾಸ್‌ಲೋ, ಸೇಫ್‌ಫಿಲ್, ಆಲುಗ್ಯಾಸ್ ಇವು ಅಲ್ಲಿ ಪರಿಚಿತವಾದ ಕೆಲವು ತಯಾರಿಕಾ ಹೆಸರುಗಳು.

ಹಿನ್ನೆಲೆ

ಯುರೋಪಿನಲ್ಲಿ ಅನಿಲ ಸಿಲಿಂಡರುಗಳ ಸಾಮಾನ್ಯ ಪದ್ಧತಿ ವಿನಿಮಯ ಪದ್ಧತಿ. ಗ್ರಾಹಕನು ಠೇವಣಿ ಕೊಟ್ಟು ಸಿಲಿಂಡರನ್ನು ಪಡೆದು, ಬರಿದಾದಾಗ ಅದನ್ನು ಮರಳಿಸಿ ತುಂಬಿದ ಇನ್ನೊಂದನ್ನು ಕೊಳ್ಳುತ್ತಾನೆ. ಸಿಲಿಂಡರಿನ ಒಡೆತನ ಸಾಮಾನ್ಯವಾಗಿ ಅನಿಲ ಸಂಸ್ಥೆಯದೇ ಆಗಿರುತ್ತದೆ. ಸಿಲಿಂಡರಿನ ಆಕಾರ, ಕವಾಟ ಮತ್ತು ಜೋಡಣೆಯ ತಿರುಪು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಒಂದು ದೇಶದಲ್ಲಿ ಕೊಂಡ ಸಿಲಿಂಡರನ್ನು ಮತ್ತೊಂದು ದೇಶದಲ್ಲಿ ವಿನಿಮಯ ಮಾಡಿಕೊಳ್ಳುವುದು ಬಹುತೇಕ ಅಸಾಧ್ಯ. ದೀರ್ಘ ಪ್ರವಾಸ ಕೈಗೊಳ್ಳುವವರಿಗೆ ಮರುಭರ್ತಿ ಸಿಲಿಂಡರು ಈ ತೊಡಕನ್ನು ನಿವಾರಿಸುತ್ತದೆ. ಪಂಪಿನಲ್ಲಿ ಲೀಟರಿನ ಲೆಕ್ಕದಲ್ಲಿ ಕೊಳ್ಳುವ ಅನಿಲದ ಬೆಲೆ ವಿನಿಮಯ ಸಿಲಿಂಡರಿನ ಅನಿಲಕ್ಕಿಂತ ಸಾಮಾನ್ಯವಾಗಿ ಕಡಿಮೆ. ಅರ್ಧ ಬರಿದಾದ ಸಿಲಿಂಡರನ್ನೂ ಯಾವಾಗ ಬೇಕಾದರೂ ಪೂರ್ಣಗೊಳಿಸಿಕೊಳ್ಳಬಹುದು.

ಇದರ ಮಿತಿಗಳೂ ಗಮನಾರ್ಹ. ಅಳವಡಿಕೆಯ ಆರಂಭಿಕ ವೆಚ್ಚ ಹೆಚ್ಚು. ಬ್ರಿಟನ್ನಿನಲ್ಲಿ ಎಲ್‌ಪಿಜಿ ಮಾರುವ ಇಂಧನ ಕೇಂದ್ರಗಳ ಸಂಖ್ಯೆ ಇಳಿಮುಖವಾಗಿದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ವಾಹನವನ್ನು ಬಳಸುವವರಿಗೆ ಹೂಡಿದ ಹಣ ಮರಳಿ ಬರಲು ಅನೇಕ ವರ್ಷಗಳೇ ಬೇಕಾಗಬಹುದು.

ಅನಿಲದ ಗುಣಗಳು

ಎಲ್‌ಪಿಜಿಯ ಮುಖ್ಯ ಘಟಕಗಳು ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನಿನ ಕುದಿಬಿಂದು ಸುಮಾರು ಮೈನಸ್ 42 ಡಿಗ್ರಿ ಸೆಲ್ಸಿಯಸ್. ಬ್ಯೂಟೇನಿನದು ಸುಮಾರು ಮೈನಸ್ 0.5 ಡಿಗ್ರಿ. ಆದ್ದರಿಂದ ಹಿಮ ಬೀಳುವ ಚಳಿಯಲ್ಲಿ ಬ್ಯೂಟೇನ್ ಆವಿಯಾಗದೆ ಸಿಲಿಂಡರಿನಲ್ಲಿಯೇ ಉಳಿಯುತ್ತದೆ, ಪ್ರೊಪೇನ್ ಮಾತ್ರ ಉಪಯೋಗಕ್ಕೆ ಬರುತ್ತದೆ. ಪಂಪುಗಳಲ್ಲಿ ಸಿಗುವ ಅನಿಲದ ಮಿಶ್ರಣವು ದೇಶ ಮತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ಪ್ರೊಪೇನ್ ಆಗಿದ್ದರೆ, ದಕ್ಷಿಣ ಯುರೋಪಿನಲ್ಲಿ ಬ್ಯೂಟೇನಿನ ಪಾಲು ಅಧಿಕ.

ಸುರಕ್ಷತೆಯ ದೃಷ್ಟಿಯಿಂದ ಎರಡು ಗುಣಗಳು ನಿರ್ಣಾಯಕವಾದವು. ಮೊದಲನೆಯದು, ಈ ಅನಿಲವು ಗಾಳಿಗಿಂತ ಭಾರವಾಗಿದೆ: ಪ್ರೊಪೇನ್ ಆವಿ ಗಾಳಿಯ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಆವಿ ಸುಮಾರು ಎರಡು ಪಟ್ಟು ತೂಗುತ್ತದೆ. ಸೋರಿದ ಅನಿಲವು ಮೇಲೇರಿ ಚದುರಿಹೋಗದೆ ನೆಲದ ಮೇಲೆ ಹರಡಿ, ತಗ್ಗಿನ ಮೂಲೆಗಳಲ್ಲಿ ನಿಲ್ಲುತ್ತದೆ. ಎರಡನೆಯದು, ಗಾಳಿಯಲ್ಲಿ ಇದರ ಪ್ರಮಾಣ ಸುಮಾರು ಶೇ. 2 ಮುಟ್ಟಿದರೆ ಸಾಕು, ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಒಂದು ಕಿಲೋಗ್ರಾಂ ಪ್ರೊಪೇನ್ ಆವಿಯಾದಾಗ ಅರ್ಧ ಘನ ಮೀಟರಿಗಿಂತ ತುಸು ಹೆಚ್ಚಿನ ಅನಿಲವಾಗುತ್ತದೆ. ಮಧ್ಯಮ ಗಾತ್ರದ ವ್ಯಾನಿನ ಒಳಾವಕಾಶ ಸುಮಾರು 12 ಘನ ಮೀಟರ್ ಎಂದು ಹಿಡಿದರೆ, ಅರ್ಧ ಕಿಲೋಗ್ರಾಂ ಅನಿಲದ ಸೋರಿಕೆಯಿಂದಲೇ ಇಡೀ ಒಳಾವಕಾಶವು ಸ್ಫೋಟಕ ಮಿಶ್ರಣದ ಮಟ್ಟಕ್ಕೆ ಬರಬಲ್ಲದು. ಅಳವಡಿಕೆಯ ನಿಯಮಗಳಲ್ಲಿ ಬಹುಪಾಲು ಈ ಎರಡು ಗುಣಗಳನ್ನೇ ಆಧರಿಸಿವೆ.

ಸಿಲಿಂಡರಿನ ರಚನೆ

ಮರುಭರ್ತಿ ಸಿಲಿಂಡರುಗಳನ್ನು ಉಕ್ಕು, ಅಲ್ಯೂಮಿನಿಯಂ ಅಥವಾ ಸಂಯುಕ್ತ ವಸ್ತುವಿನಿಂದ ತಯಾರಿಸುತ್ತಾರೆ. 6 ಕಿಲೋಗ್ರಾಂ ಮತ್ತು 11 ಕಿಲೋಗ್ರಾಂ ಸಾಮರ್ಥ್ಯದವು ಸಾಮಾನ್ಯ. 11 ಕಿಲೋಗ್ರಾಂ ಸಿಲಿಂಡರು ಸುಮಾರು 21 ಲೀಟರ್ ದ್ರವ ಪ್ರೊಪೇನನ್ನು ಹಿಡಿಯುತ್ತದೆ. 2 ಕಿಲೋವ್ಯಾಟ್ ಶಕ್ತಿಯ ಒಂದು ಉರಿಕವನ್ನು ಇದು ಸುಮಾರು 70 ತಾಸು ಉರಿಸಬಲ್ಲದು.

ವಿನಿಮಯ ಸಿಲಿಂಡರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ತಾನಾಗಿ ಭರ್ತಿ ನಿಲ್ಲಿಸುವ ಕವಾಟ. ದ್ರವದ ಮೇಲೆ ತೇಲುವ ಬೆಂಡೊಂದು ಮಟ್ಟ ಏರಿದಂತೆ ಮೇಲೇರಿ, ಸಿಲಿಂಡರಿನ ಶೇ. 80ರಷ್ಟು ತುಂಬಿದಾಗ ಒಳಹರಿವನ್ನು ಮುಚ್ಚುತ್ತದೆ. ಉಳಿದ ಶೇ. 20 ಜಾಗವು ದ್ರವದ ಹಿಗ್ಗುವಿಕೆಗೆ ಮೀಸಲು. ದ್ರವ ಪ್ರೊಪೇನ್ 15 ಡಿಗ್ರಿಯಿಂದ 50 ಡಿಗ್ರಿಗೆ ಕಾದರೆ ಅದರ ಗಾತ್ರ ಸುಮಾರು ಎಂಟನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಕಂಠಮಟ್ಟ ತುಂಬಿದ ಸಿಲಿಂಡರು ಬಿಸಿಲಿಗೆ ಕಾದಾಗ ಹಿಗ್ಗಲು ಎಡೆಯಿಲ್ಲದೆ ಒತ್ತಡವು ಅಪಾಯದ ಮಟ್ಟಕ್ಕೆ ಏರುತ್ತದೆ. ಇದಲ್ಲದೆ ಒತ್ತಡ ಮಿತಿಮೀರಿದಾಗ ಅನಿಲವನ್ನು ಹೊರಬಿಡುವ ಸುರಕ್ಷಾ ಕವಾಟ, ಹಿಮ್ಮುಖ ಹರಿವನ್ನು ತಡೆಯುವ ಕವಾಟ ಮತ್ತು ಮಟ್ಟಸೂಚಕ ಇರುತ್ತವೆ. ವಾಹನಗಳ ಎಲ್‌ಪಿಜಿ ಉಪಕರಣಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 67ನೆಯ ನಿಯಮದ ಪ್ರಕಾರ ಪ್ರಮಾಣೀಕೃತವಾದ ಸಿಲಿಂಡರುಗಳ ಮೇಲೆ ಆ ನಿಯಮದ ಗುರುತು ಇರುತ್ತದೆ.

ವಿನಿಮಯ ಸಿಲಿಂಡರಿಗೆ ಜೋಡಣೆಯೊಂದನ್ನು ಸಿಕ್ಕಿಸಿ ಪಂಪಿನಿಂದ ತುಂಬಿಸುವುದು ಅಪಾಯಕಾರಿ. ಅದರಲ್ಲಿ ಭರ್ತಿ ನಿಲ್ಲಿಸುವ ಕವಾಟ ಇಲ್ಲದಿರುವುದರಿಂದ ಎಷ್ಟು ತುಂಬಿತೆಂದು ಖಚಿತವಾಗಿ ತಿಳಿಯಲಾಗದು.

ಎಂಜಿನ್ನಿಗೆ ಇಂಧನವೊದಗಿಸುವ ಎಲ್‌ಪಿಜಿ ಟ್ಯಾಂಕನ್ನೂ ವಾಸದ ಭಾಗದ ಬಳಕೆಗೆ ಹಾಗೆಯೇ ಉಪಯೋಗಿಸಲಾಗದು. ಎಂಜಿನ್ ಟ್ಯಾಂಕು ತಳದಿಂದ ದ್ರವವನ್ನು ಹೊರಕೊಡುತ್ತದೆ. ಒಲೆ ಮೊದಲಾದವುಗಳಿಗೆ ಮೇಲ್ಭಾಗದಲ್ಲಿ ಸಂಗ್ರಹವಾಗುವ ಆವಿ ಮಾತ್ರ ಹೋಗಬೇಕು. ದ್ರವವು ಒತ್ತಡ ನಿಯಂತ್ರಕವನ್ನು ದಾಟಿ ಉರಿಕವನ್ನು ತಲುಪಿದರೆ ಜ್ವಾಲೆ ಅಂಕೆ ಮೀರುತ್ತದೆ. ಲಂಬ ಸಿಲಿಂಡರನ್ನು ಸದಾ ನೆಟ್ಟಗೆ ನಿಲ್ಲಿಸಬೇಕೆಂಬುದಕ್ಕೂ ಇದೇ ಕಾರಣ.

ಅಳವಡಿಕೆ

ಯುರೋಪಿನಲ್ಲಿ ವಾಸಯೋಗ್ಯ ವಾಹನಗಳ ಎಲ್‌ಪಿಜಿ ವ್ಯವಸ್ಥೆಗೆ ಇಎನ್ 1949 ಎಂಬ ಮಾನಕ ಅನ್ವಯಿಸುತ್ತದೆ. ಅದರ ಆಶಯಕ್ಕೆ ಅನುಗುಣವಾಗಿ ಅಳವಡಿಕೆಯ ಮುಖ್ಯ ಹಂತಗಳು ಹೀಗಿವೆ.

ಸಿಲಿಂಡರ್ ಕಪಾಟು: ಸಿಲಿಂಡರನ್ನು ವಾಸದ ಭಾಗದಿಂದ ಸಂಪೂರ್ಣವಾಗಿ ಬೇರ್ಪಡಿಸಿದ ಕಪಾಟಿನಲ್ಲಿ ಇಡಬೇಕು. ಕಪಾಟು ಒಳಗಿನ ಕಡೆಗೆ ಅನಿಲ ನುಸುಳದಂತೆ ಮುಚ್ಚಿದ್ದು, ಬಾಗಿಲು ಹೊರಕ್ಕೆ ತೆರೆಯುವಂತಿರುವುದು ವಾಡಿಕೆ. ಅನಿಲ ಭಾರವಾದುದರಿಂದ ಕಪಾಟಿನ ತಳದಲ್ಲಿ ಹೊರಗಾಳಿಗೆ ತೆರೆದ ರಂಧ್ರ ಕಡ್ಡಾಯ. ತಳದಲ್ಲಿ ಮಾತ್ರ ರಂಧ್ರವಿದ್ದರೆ ಅದರ ವಿಸ್ತೀರ್ಣ ಕಪಾಟಿನ ನೆಲದ ಶೇ. 2ಕ್ಕೆ ಕಡಿಮೆಯಿಲ್ಲದಂತೆ, ಕನಿಷ್ಠ 100 ಚದರ ಸೆಂಟಿಮೀಟರ್ ಇರಬೇಕು. ಸಾಮಾನು ಅಥವಾ ಕೆಸರು ಅದನ್ನು ಮುಚ್ಚಬಾರದು. ಕಿಡಿ ಹೊಮ್ಮಿಸಬಲ್ಲ ವಿದ್ಯುತ್ ಸ್ವಿಚ್ಚು, ಬ್ಯಾಟರಿ ಮೊದಲಾದವುಗಳಿಗೆ ಕಪಾಟಿನಲ್ಲಿ ಸ್ಥಾನವಿಲ್ಲ.

ಭದ್ರಪಡಿಸುವಿಕೆ: ವಾಹನವು ಹಠಾತ್ತನೆ ನಿಂತಾಗ ಅಥವಾ ಅಪಘಾತಕ್ಕೀಡಾದಾಗ ತುಂಬಿದ ಸಿಲಿಂಡರು ಭಾರವಾದ ಎಸೆತದ ವಸ್ತುವಾಗುತ್ತದೆ. ಅದು ತಿರುಗದಂತೆ, ಜಾರದಂತೆ ಮೇಲೂ ಕೆಳಗೂ ಲೋಹದ ಪಟ್ಟಿ ಅಥವಾ ಗಟ್ಟಿ ಬೆಲ್ಟುಗಳಿಂದ ವಾಹನದ ದೇಹಕ್ಕೆ ಬಿಗಿಯಬೇಕು. ತೆಳುವಾದ ಪ್ಲೈವುಡ್ ಗೋಡೆಗೆ ಕೇವಲ ತಿರುಪುಮೊಳೆ ಹೊಡೆದರೆ ಸಾಲದು.

ಭರ್ತಿ ಬಾಯಿ: ಪಂಪಿನ ಕೊಳವೆಯನ್ನು ಸಿಕ್ಕಿಸುವ ಭರ್ತಿ ಬಾಯಿಯನ್ನು ವಾಹನದ ಹೊರಮೈಯಲ್ಲಿ ಕೂರಿಸುತ್ತಾರೆ. ಕಿಟಕಿ, ಬಾಗಿಲು, ಶೀತಕ ಪೆಟ್ಟಿಗೆಯ ಗಾಳಿಕಿಂಡಿ ಹಾಗೂ ಹೊಗೆ ಕೊಳವೆಗಳಿಂದ ಅದು ದೂರವಿರಬೇಕು. ಭರ್ತಿಯ ಕೊನೆಯಲ್ಲಿ ಕೊಳವೆಯನ್ನು ಬಿಡಿಸುವಾಗ ಸ್ವಲ್ಪ ಅನಿಲ ಹೊರಚಿಮ್ಮುವುದು ಸಹಜ. ಲೋಹದ ದೇಹಕ್ಕೆ ರಂಧ್ರ ಕೊರೆದಲ್ಲಿ ಅಂಚಿಗೆ ತುಕ್ಕುನಿರೋಧಕ ಬಣ್ಣ ಹಚ್ಚಿ, ನೀರು ಇಳಿಯದಂತೆ ಮುಚ್ಚುತ್ತಾರೆ. ಭರ್ತಿ ಬಾಯಿಯಿಂದ ಸಿಲಿಂಡರಿನವರೆಗೆ ಅಧಿಕ ಒತ್ತಡ ತಾಳುವ ಭರ್ತಿ ಕೊಳವೆ ಸಾಗುತ್ತದೆ. ಎರಡು ಸಿಲಿಂಡರುಗಳಿದ್ದರೆ ಅವುಗಳ ನಡುವೆ ಜೋಡಣೆ ಕೊಳವೆ ಹಾಕಿ ಒಂದೇ ಬಾಯಿಯಿಂದ ಎರಡನ್ನೂ ತುಂಬಿಸಬಹುದು.

ಒತ್ತಡ ನಿಯಂತ್ರಕ: 20 ಡಿಗ್ರಿ ಉಷ್ಣತೆಯಲ್ಲಿ ಪ್ರೊಪೇನ್ ಸಿಲಿಂಡರಿನೊಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ 7 ಬಾರ್‌ಗೂ ಹೆಚ್ಚು. ಇಎನ್ 1949ಕ್ಕೆ ಹೊಂದುವ ಇಂದಿನ ವಾಹನಗಳ ಉಪಕರಣಗಳು ಕೆಲಸ ಮಾಡುವುದು 30 ಮಿಲಿಬಾರ್‌ನಲ್ಲಿ, ಅಂದರೆ 0.03 ಬಾರ್‌ನಲ್ಲಿ. ಈ ಇಳಿಕೆಯನ್ನು ಮಾಡುವುದು ರೆಗ್ಯುಲೇಟರ್. ಹಳೆಯ ಜರ್ಮನ್ ವಾಹನಗಳಲ್ಲಿ 50 ಮಿಲಿಬಾರ್ ಉಪಕರಣಗಳಿರುವುದುಂಟು. ಹಾಗಾಗಿ ಉಪಕರಣದ ಫಲಕವನ್ನು ಓದಿಯೇ ರೆಗ್ಯುಲೇಟರನ್ನು ಆಯ್ಕೆಮಾಡಬೇಕು. ರೆಗ್ಯುಲೇಟರನ್ನು ಸಿಲಿಂಡರಿನ ಕವಾಟಕ್ಕಿಂತ ಎತ್ತರದಲ್ಲಿ ಕೂರಿಸಿ, ಕೊಳವೆಯು ಸಿಲಿಂಡರಿನ ಕಡೆಗೆ ಇಳಿಜಾರಾಗಿರುವಂತೆ ನೋಡಿಕೊಳ್ಳುತ್ತಾರೆ. ಹೀಗಿದ್ದರೆ ಕೊಳವೆಯಲ್ಲಿ ಸಾಂದ್ರವಾಗುವ ದ್ರವ ಮತ್ತು ಎಣ್ಣೆಯಂಥ ಶೇಷ ಹಿಂದಕ್ಕೆ ಹರಿದುಹೋಗುತ್ತವೆ. ಇಲ್ಲವಾದರೆ ಅವು ರೆಗ್ಯುಲೇಟರನ್ನು ಕೆಡಿಸುತ್ತವೆ.

ಕೊಳವೆ ಜಾಲ: ರೆಗ್ಯುಲೇಟರಿನಿಂದ ಮುಂದೆ ತಾಮ್ರ ಅಥವಾ ಉಕ್ಕಿನ ಗಟ್ಟಿ ಕೊಳವೆಗಳನ್ನು ಬಳಸುತ್ತಾರೆ. ಕಂಪನದಿಂದ ಸವೆಯದಂತೆ ಅವುಗಳನ್ನು ಅಲ್ಲಲ್ಲಿ ಹಿಡಿಕೆಗಳಿಂದ ಬಿಗಿದು, ಲೋಹದ ಗೋಡೆ ದಾಟುವಲ್ಲಿ ರಬ್ಬರ್ ಬಳೆ ತೊಡಿಸುತ್ತಾರೆ. ಪ್ರತಿ ಉಪಕರಣಕ್ಕೂ ಪ್ರತ್ಯೇಕ ಮುಚ್ಚುಕವಾಟ ಇರಬೇಕು. ದಹನಶೀಲ ಅನಿಲದ ಸಿಲಿಂಡರ್ ಜೋಡಣೆಗಳಲ್ಲಿ ಎಡಸುತ್ತಿನ ತಿರುಪು ರೂಢಿಯಲ್ಲಿದೆ. ಅದು ಸಾಮಾನ್ಯ ತಿರುಪಿಗೆ ವಿರುದ್ಧ ದಿಕ್ಕಿನಲ್ಲಿ ಬಿಗಿಯಾಗುತ್ತದೆ.

ಸೋರಿಕೆ ಪರೀಕ್ಷೆ

ಕೆಲಸ ಮುಗಿದ ಮೇಲೆ ಕೊಳವೆ ಜಾಲಕ್ಕೆ ಗಾಳಿಯ ಒತ್ತಡ ಕೊಟ್ಟು, ನಿಗದಿತ ಅವಧಿಯಲ್ಲಿ ಅದು ಇಳಿಯುತ್ತದೆಯೇ ಎಂದು ಮಾಪಕದಲ್ಲಿ ನೋಡುತ್ತಾರೆ. ಇದಕ್ಕೆ 150 ಮಿಲಿಬಾರ್ ಒತ್ತಡವನ್ನು ಬಳಸುವುದು ವಾಡಿಕೆ. ಅನಿಲ ತುಂಬಿದ ಬಳಿಕ ಸೋರಿಕೆ ಪತ್ತೆಯ ದ್ರಾವಣವನ್ನು ಪ್ರತಿ ಜೋಡಣೆಗೆ ಸವರಿ ಗುಳ್ಳೆ ಏಳುವುದನ್ನು ಗಮನಿಸುತ್ತಾರೆ. ಬೆಂಕಿಕಡ್ಡಿ ಅಥವಾ ಲೈಟರಿನಿಂದ ಸೋರಿಕೆ ಹುಡುಕುವುದು ಪ್ರಾಣಾಪಾಯಕ್ಕೆ ದಾರಿ.

ಬ್ರಿಟನ್ನಿನಲ್ಲಿ ಇಂಥ ಕೆಲಸವನ್ನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ನೋಂದಾಯಿತರಾಗಿ, ವಾಸಯೋಗ್ಯ ವಾಹನಗಳ ಎಲ್‌ಪಿಜಿಗೆ ಅರ್ಹತೆ ಪಡೆದ ತಂತ್ರಜ್ಞರಿಗೆ ಒಪ್ಪಿಸುವಂತೆ ಶಿಫಾರಸು ಮಾಡಲಾಗುತ್ತದೆ. ಈ ನೋಂದಣಿ ವ್ಯವಸ್ಥೆಯು 2009ರ ಏಪ್ರಿಲ್ 1ರಂದು ಹಿಂದಿನ ಕಾರ್ಗಿ ವ್ಯವಸ್ಥೆಯ ಸ್ಥಾನದಲ್ಲಿ ಜಾರಿಗೆ ಬಂದಿತು. ಜರ್ಮನಿಯಲ್ಲಿ ಜಿ 607 ಎಂಬ ನಿಯಮಾವಳಿಯಂತೆ ಎರಡು ವರ್ಷಕ್ಕೊಮ್ಮೆ ಅನಿಲ ವ್ಯವಸ್ಥೆಯ ಪರೀಕ್ಷೆ ನಡೆಯುತ್ತದೆ.

ಭರ್ತಿ ಮಾಡುವ ವಿಧಾನ

ಯುರೋಪಿನಲ್ಲಿ ಪಂಪಿನ ತುದಿಗಳು ಒಂದೇ ಬಗೆಯವಲ್ಲ. ಬ್ರಿಟನ್ ಹಾಗೂ ನೆದರ್‌ಲ್ಯಾಂಡ್ಸ್‌ನಲ್ಲಿ ಬಯೋನೆಟ್, ಜರ್ಮನಿ ಹಾಗೂ ಬೆಲ್ಜಿಯಂನಲ್ಲಿ ಆಕ್ಮೆ, ಫ್ರಾನ್ಸ್ ಹಾಗೂ ಇಟಲಿಯಲ್ಲಿ ಡಿಶ್, ಸ್ಪೇನಿನಲ್ಲಿ ಯುರೋನಾಜಲ್ ಮಾದರಿ ಪ್ರಚಲಿತವಾಗಿವೆ. ದೇಶದ ಗಡಿ ದಾಟುವವರು ಹೊಂದಿಕೆಯ ಅಡಾಪ್ಟರುಗಳನ್ನು ಒಯ್ಯುತ್ತಾರೆ.

ತುಂಬಿಸುವ ಮುನ್ನ ಎಂಜಿನ್, ಒಲೆ, ಬಿಸಿಮಾಡುವ ಸಾಧನ ಮತ್ತು ಶೀತಕ ಪೆಟ್ಟಿಗೆಯ ಜ್ವಾಲೆ ಎಲ್ಲವನ್ನೂ ಆರಿಸಬೇಕು. ಸಿಲಿಂಡರಿನ ಹೊರಹರಿವಿನ ಕವಾಟವನ್ನು ಮುಚ್ಚಬೇಕು. ಶೇ. 80 ತುಂಬಿದಾಗ ಹರಿವು ನಿಲ್ಲುತ್ತದೆ. ಆಮೇಲೂ ಗುಂಡಿಯನ್ನು ಒತ್ತಿಹಿಡಿಯಬಾರದು. ಸಿಲಿಂಡರಿನ ಸಾಮರ್ಥ್ಯವನ್ನು ಲೀಟರಿನಲ್ಲಿ ತಿಳಿದುಕೊಂಡು ಪಂಪಿನ ಅಂಕಿಯೊಡನೆ ಹೋಲಿಸಿದರೆ, ಕವಾಟ ಕೆಟ್ಟಿದ್ದಲ್ಲಿ ಕೂಡಲೇ ಗೊತ್ತಾಗುತ್ತದೆ. ಸಿಲಿಂಡರನ್ನು ಕಣ್ಣಾರೆ ಕಾಣದ ಕೆಲವು ಇಂಧನ ಕೇಂದ್ರಗಳ ಸಿಬ್ಬಂದಿ, ಅದು ವಿನಿಮಯ ಸಿಲಿಂಡರಾಗಿರಬಹುದೆಂಬ ಶಂಕೆಯಿಂದ ಭರ್ತಿಗೆ ಒಪ್ಪದಿರುವುದುಂಟು. ಸ್ಥಿರವಾಗಿ ಕೂರಿಸಿದ ಹೊರಗಿನ ಭರ್ತಿ ಬಾಯಿ ಇದ್ದಲ್ಲಿ ಇಂಥ ಆಕ್ಷೇಪ ಕಡಿಮೆ.

ಬಳಕೆಯಲ್ಲಿನ ಅಪಾಯಗಳು

ಸೋರಿಕೆಯಷ್ಟೇ ಗಂಭೀರವಾದುದು ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಅನಿಲವು ಅರೆಬರೆ ಉರಿದಾಗ ಹುಟ್ಟುವ ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್‌ಪಿಜಿಗೆ ಸೇರಿಸುವ ಕಟುವಾಸನೆಯು ಸೋರಿಕೆಯನ್ನು ತಿಳಿಸಬಲ್ಲದೇ ಹೊರತು ಈ ವಿಷವನ್ನಲ್ಲ. ಚಳಿಯೆಂದು ಗಾಳಿಕಿಂಡಿಗಳನ್ನು ಬಟ್ಟೆಯಿಂದ ಮುಚ್ಚುವುದು ಅಥವಾ ಒಲೆಯನ್ನೇ ಉರಿಸಿ ಕೊಠಡಿ ಬೆಚ್ಚಗಾಗಿಸುವುದು ಮಲಗಿದವರ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ವಾಹನದಲ್ಲಿ ಎರಡು ಎಚ್ಚರಿಕೆ ಸಾಧನಗಳಿರುವುದು ಒಳಿತು: ಎಲ್‌ಪಿಜಿ ಸೋರಿಕೆಯ ಸಾಧನ ನೆಲದ ಸಮೀಪದಲ್ಲಿ, ಕಾರ್ಬನ್ ಮಾನಾಕ್ಸೈಡ್ ಸಾಧನ ತಯಾರಕರು ಸೂಚಿಸಿದ ಎತ್ತರದಲ್ಲಿ. ಜ್ವಾಲೆ ಆರಿದೊಡನೆ ಅನಿಲವನ್ನು ತಡೆಯುವ ಸಾಧನವೂ ಪ್ರತಿ ಉರಿಕಕ್ಕೆ ಅಗತ್ಯ.

ವಾಹನ ಚಲಿಸುವಾಗ ಸಿಲಿಂಡರಿನ ಕವಾಟವನ್ನು ಮುಚ್ಚಿಡುವುದು ಸುರಕ್ಷಿತ. ಚಲಿಸುವಾಗಲೇ ಒಳಭಾಗವನ್ನು ಬಿಸಿಮಾಡಬೇಕಾದರೆ, ಅಪಘಾತದಲ್ಲಿ ಅನಿಲವನ್ನು ತಾನಾಗಿ ಕಡಿದುಹಾಕುವ ರೆಗ್ಯುಲೇಟರ್ ಬೇಕಾಗುತ್ತದೆ. ರಬ್ಬರ್ ಕೊಳವೆಗಳು ಕಾಲಕ್ರಮೇಣ ಬಿರುಕುಬಿಡುವುದರಿಂದ, ಅವುಗಳ ಮೇಲೆ ಮುದ್ರಿಸಿದ ದಿನಾಂಕವನ್ನು ನೋಡಿ ಬದಲಾಯಿಸುತ್ತಾರೆ.

ಭಾರತದಲ್ಲಿ

ಭಾರತದಲ್ಲಿ ಗೃಹಬಳಕೆಯ 14.2 ಕಿಲೋಗ್ರಾಂ ಸಿಲಿಂಡರು ವಿನಿಮಯ ಪದ್ಧತಿಯದು; ಅದರ ಭರ್ತಿ ಪರವಾನಗಿ ಪಡೆದ ಘಟಕಗಳಲ್ಲಿ ಮಾತ್ರ ನಡೆಯುತ್ತದೆ. ಅನಧಿಕೃತವಾಗಿ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಅನಿಲ ವರ್ಗಾಯಿಸುವುದು ಹಾಗೂ ಗೃಹಬಳಕೆಯ ಅನಿಲವನ್ನು ವಾಹನದ ಇಂಧನವಾಗಿ ಬಳಸುವುದು ಕಾನೂನುಬಾಹಿರ. ಬೆಂಗಳೂರಿನ ಆಟೊರಿಕ್ಷಾಗಳಲ್ಲಿರುವ ಎಲ್‌ಪಿಜಿ ಟ್ಯಾಂಕುಗಳು ಪಂಪಿನಿಂದ ತುಂಬಿಸುವ ಸ್ಥಿರ ಪಾತ್ರೆಗಳೇ ಆಗಿದ್ದು, ಅವುಗಳಲ್ಲೂ ಶೇ. 80ರ ಮಿತಿ ಅನ್ವಯಿಸುತ್ತದೆ. ಆದರೆ ಅವು ಎಂಜಿನ್ನಿಗೆ ಇಂಧನ ಒದಗಿಸುವ ಟ್ಯಾಂಕುಗಳು. ಅಡುಗೆಯ ಬಳಕೆಗೆ ರೂಪಿಸಿದವಲ್ಲ.